ಕಣ್ಣು ಮುಚ್ಚಿ ಆಡಿದ ಜಗಳ

ನಮ್ಮ ಮನೆಯಲ್ಲಿ ಕರೆಂಟ್ ಹೋದರೆ ಪ್ರಾರ್ಥನೆ. ಬನಹಟ್ಟಿಯಲ್ಲಿ ಮನೆಯೊಳಗೇ ಮಗ್ಗ ಇಟ್ಟುಕೊಂಡವರಿಗೆ ಬೇರೆ ದಾರಿಯಿಲ್ಲ. ಕರೆಂಟಿನ ಮಗ್ಗ ಓಡುವಾಗ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ, ದೇವರಿಗೆ ಏನು ಕೇಳೀತು ಎಂಬುದು ನಮ್ಮ ಮಾವನವರ ವಾದವಾಗಿತ್ತಂತೆ. ಅವರು ತೀರಿಕೊಂಡರು, ಪದ್ಧತಿ ಉಳಿಯಿತು. ಮಗ್ಗ ನಿಂತ ಕೂಡಲೇ ಅತ್ತೆ ಚಾಪೆ ಹಾಸುತ್ತಾರೆ, ನಮ್ಮವರು ಕೈಗೆ ಹತ್ತಿದ ಎಣ್ಣೆ ಒರೆಸಿಕೊಳ್ಳುತ್ತ ಬರುತ್ತಾರೆ, ನಾನು ಒಲೆ ಆರಿಸಿ ಬರುತ್ತೇನೆ. ಮೂವರೂ ಕಣ್ಣು ಮುಚ್ಚಿ, ಸರದಿಯಂತೆ ಬಾಯಿಬಿಟ್ಟು ಪ್ರಾರ್ಥಿಸಬೇಕು. ಒಬ್ಬರು ಮುಗಿಸಿದಾಗ ಉಳಿದಿಬ್ಬರು ಆಮೆನ್ ಅನ್ನಬೇಕು. ಕರೆಂಟ್ ಬಂದರೆ ಎಲ್ಲ ಮುಗಿದಂತೆ.

ಕೇಳಲು ಎಷ್ಟು ಚೆನ್ನಾಗಿದೆ, ಅಲ್ಲವೇ? ಒಂದು ದಿನ ಬಂದು ಕೂತು ನೋಡಿ.

ನಮ್ಮ ಅತ್ತೆ ಯಾರನ್ನೂ ಎದುರಿಗೆ ಬೈಯುವುದಿಲ್ಲ. ಪ್ರಾರ್ಥನೆಯಲ್ಲಿ ಬೈಯುತ್ತಾರೆ. "ಕರ್ತನೇ, ಈ ಮನ್ಯಾಗ ಹಾಲ ಉಕ್ಕಿ ಹ್ವಾದ್ರೂ ಮೊಬೈಲ್ ನೋಡ್ಕೋತ ನಿಲ್ಲೂ ಮಂದಿ ಅದಾರ. ಅವರಿಗೊಂದೀಟು ಬುದ್ಧಿ ಕೊಡಪಾ." ಮಂದಿ ಅಂದರೆ ನಾನೊಬ್ಬಳೇ. ನಡುವೆ ಬಾಯಿ ಹಾಕುವಂತಿಲ್ಲ, ಎದ್ದು ಹೋಗುವಂತಿಲ್ಲ. ಕೊನೆಗೆ ನನ್ನನ್ನು ಬೈದದ್ದಕ್ಕೆ ನಾನೇ ಆಮೆನ್ ಅನ್ನಬೇಕು! ನಾನೇನು ಕಡಿಮೆಯೇ? ನನ್ನ ಸರದಿ ಬಂದಾಗ "ತಂದೆಯೇ, ಹಿರೇರ ನಾಲಿಗಿ ಮ್ಯಾಲ ನಿನ್ನ ಕೈ ಇಡು" ಅನ್ನುತ್ತಿದ್ದೆ. ಅತ್ತೆಯ ಆಮೆನ್ ಹಲ್ಲುಸಂದಿಯಿಂದ ಬರುತ್ತಿತ್ತು. ನಮ್ಮವರು ಮಾತ್ರ ಎರಡಕ್ಕೂ ಒಂದೇ ದನಿಯಲ್ಲಿ ಆಮೆನ್ ಅಂದು ಪಾರಾಗುತ್ತಿದ್ದರು.

ಹೀಗಿರುವಾಗ ನನಗೊಂದು ಕೆಲಸ ಬಂತು. ಜಮಖಂಡಿಯ ಹೊಲಿಗೆ ತರಬೇತಿ ಕೇಂದ್ರದಲ್ಲಿ ಕಲಿಸುವ ಕೆಲಸ. ನಾನು ಹುಟ್ಟಿ ಬೆಳೆದದ್ದು ಜಮಖಂಡಿಯಲ್ಲೇ, ಹೊಲಿಗೆ ಕಲಿತದ್ದೂ ಅಲ್ಲೇ. ಮದುವೆಯಾಗಿ ಬಂದ ಮೇಲೆ ನನ್ನ ಕೈ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದರಲ್ಲೇ ಸವೆದಿತ್ತು. ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಕಲಿಯುವ ಹುಡುಗಿಯರಿಂದ "ಬಾಯಾರ" ಅನ್ನಿಸಿಕೊಂಡು ಸಂಜೆ ಮರಳುವುದು. ಅಷ್ಟೇ ನನ್ನ ಆಸೆ. ತಿಂಗಳ ಕೊನೆಯೊಳಗೆ ಒಪ್ಪಿಗೆ ತಿಳಿಸಬೇಕಿತ್ತು.

"ಪ್ರಾರ್ಥನಿ ಮಾಡಿ ನೋಡೂಣು" ಅಂದರು ನಮ್ಮವರು. ನಮ್ಮ ಮನೆಯಲ್ಲಿ ಹಾಗೆಂದರೆ ಬೇಡ ಅಂತ ಅರ್ಥ. ಫ್ರಿಜ್ಜಿನ ಮಾತು ಬಂದಾಗಲೂ ಹಾಗೇ ಅಂದಿದ್ದರು. ಇನ್ನೂ ಪ್ರಾರ್ಥನೆ ನಡೆದೇ ಇದೆ, ಮೊಸರು ಹುಳಿಯಾಗುತ್ತಲೇ ಇದೆ.

ಆಮೇಲೆ ಕರೆಂಟ್ ಹೋದಾಗಲೆಲ್ಲ ಅದೇ ಪಾಡು. ಸೊಸೆಯ ಮನಸ್ಸು ಬದಲಾಯಿಸು ಅಂತ ಅತ್ತೆ, ಅತ್ತೆಯ ಮನಸ್ಸು ಬದಲಾಯಿಸು ಅಂತ ನಾನು. ದೇವರೂ ತಲೆ ಕೆರೆದುಕೊಂಡಿರಬೇಕು. ಭಾನುವಾರ ನಮ್ಮ ಪಾಸ್ಟರ್, "ಪ್ರಾರ್ಥನಿ ಮಾಡೂದು ದೇವರ ವಿಚಾರ ತಿರುಗಸಾಕ ಅಲ್ಲ, ನಮ್ಮ ವಿಚಾರ ತಿರುಗಲಿ ಅಂತ" ಎಂದು ಬೋಧಿಸಿದರು. ಅತ್ತೆ ನನ್ನನ್ನು ಮೊಣಕೈಯಿಂದ ತಿವಿದರು. ನಾನೂ ಅವರನ್ನು ತಿವಿಯುವವಳೇ ಇದ್ದೆ, ಅವರು ನನಗಿಂತ ಮೊದಲೇ ತಿವಿದಿದ್ದರು.

ಮರುದಿನ ಅತ್ತೆ ಚಹಾಕ್ಕೆ ಉಪ್ಪು ಹಾಕಿದರು. ಸಂಜೆ ಮಗ್ಗ ನಿಂತಾಗ, "ಕರ್ತನೇ, ಡಬ್ಬಿ ಜಾಗಾ ಬದಲ ಮಾಡಿ ಮುದುಕರ್ನ ಆಡ್ಸೂ ಮಂದೀನ ನೀನ ನೋಡ್ಕೋ" ಎಂದು ಶುರು ಮಾಡಿದರು. ಡಬ್ಬಿಯನ್ನು ನಾನು ಮುಟ್ಟಿಯೂ ಇರಲಿಲ್ಲ! ನನಗೆ ಮೈಯೆಲ್ಲ ಉರಿಯಿತು. ನನ್ನ ಸರದಿ ಬಂದದ್ದೇ ತಡ, "ಕರ್ತನೇ, ಅತ್ತೀಗೆ ನನ್ನ ಮ್ಯಾಲ ಯಾಕಿಷ್ಟು ಸಿಟ್ಟು? ನೀನರ ಒಂದ್ ಮಾತ ಕೇಳು" ಅಂದೆ. ಕೈಚಾಚಿದರೆ ಸಿಗುವಷ್ಟು ಹತ್ತಿರ ಕೂತವರನ್ನು ಒಂದು ಮಾತು ಕೇಳಲು ಸ್ವರ್ಗದಿಂದ ದೇವರು ಇಳಿದು ಬರಬೇಕೇ? ನನಗೇನು ಬಾಯಿ ಬಿದ್ದುಹೋಗಿದೆಯೇ? ಈ ವಿಚಾರ ಎಲ್ಲಿಂದ ಬಂತೋ ಕಾಣೆ, ನಾನಂತೂ ಬೇಡಿರಲಿಲ್ಲ. ಕಣ್ಣು ತೆರೆದೆ. ಅತ್ತೆ ಕಣ್ಣು ಮುಚ್ಚಿ, ಸೀರೆಯ ಸೆರಗು ಹಿಂಡುತ್ತ ಕೂತಿದ್ದರು. ಆ ಮುಖದಲ್ಲಿ ಸಿಟ್ಟು ಇರಲಿಲ್ಲ.

"ಅತ್ತಿ, ನಾ ಕೆಲಸಕ್ಕ ಹ್ವಾದ್ರ ನಿಮಗೇನ್ ತ್ರಾಸರಿ?"

"ಕರ್ತನೇ, ಪ್ರಾರ್ಥನ್ಯಾಗ ಕಣ್ಣ ತಗದಾಳ, ಈಕೀನ ಕ್ಷಮಸಪಾ..."

"ಕರ್ತನ್ನ ಬಿಡ್ರಿ ಅತ್ತಿ! ನನಗ ಹೇಳ್ರಿ."

"ಏ, ಏನಿದು" ಅಂದರು ನಮ್ಮವರು. ನಾನು ಅವರ ಕಡೆ ನೋಡಲೂ ಇಲ್ಲ. ಅತ್ತೆ ಸೆರಗು ಬಿಟ್ಟು ನನ್ನ ಕಡೆ ತಿರುಗಿದರು.

"ನನಗ ಕಣ್ಣ ಕಾಣವಲ್ದು. ಎಲ್ಲಾ ಹೊಗಿ ಹೊಗಿ. ಉಪ್ಪ ಯಾವುದು, ಸಕ್ಕರಿ ಯಾವುದು ತಿಳಿಯೂದಿಲ್ಲ. ಇಂವ ದಿನಾ ಮಗ್ಗದಾಗ ಇರ್ತಾನ, ಒದರಿದ್ರ ಕೇಳೂದಿಲ್ಲ. ನೀನೂ ಹ್ವಾದ್ರ, ನಾ ಬಿದ್ರ ಎಬ್ಬಸಾವ್ರ ಯಾರು?"

"ಮೊದಲ ಯಾಕ ಹೇಳ್ಲಿಲ್ರಿ?"

"ದೇವರಿಗೆ ಹೇಳಾಕತ್ತಿದ್ನೆಲ್ಲ."

ನನ್ನನ್ನು ಓಣಿಗೆಲ್ಲ ಕೇಳುವಂತೆ ಬೈದವರು, ಇದೊಂದನ್ನು ಮಾತ್ರ ಮನಸ್ಸಿನಲ್ಲೇ ಹೇಳಿಕೊಂಡಿದ್ದರು.

ಕರೆಂಟ್ ಬಂತು. ಯಾರೂ ಏಳಲಿಲ್ಲ. ಅತ್ತೆಗೆ ನನ್ನ ಏಳಿಗೆ ಕಂಡರೆ ಆಗುವುದಿಲ್ಲ, ನನ್ನನ್ನು ಮನೆಗೆಲಸಕ್ಕೇ ಕಟ್ಟಿಹಾಕುವ ಹುನ್ನಾರ ಎಂದು ಎಷ್ಟು ಗಟ್ಟಿಯಾಗಿ ನಂಬಿದ್ದೆ! ಆ ನಂಬಿಕೆಯ ಬಲದ ಮೇಲೆ ಎಷ್ಟು ಸುಖವಾಗಿ ಸಿಟ್ಟು ಮಾಡಿಕೊಂಡಿದ್ದೆ. ಇನ್ನು ಮೇಲೆ ಅದೂ ಇಲ್ಲ. ಅತ್ತೆಯ ಮನಸ್ಸು ತಿರುಗಿಸು ಎಂದು ಬೇಡಿದರೆ, ದೇವರು ಬಂದು ನನ್ನದಕ್ಕೆ ಕೈ ಹಾಕಿದ್ದ. ನಾನೇನೂ ಹಾಡಿ ಕೊಂಡಾಡಲಿಲ್ಲ. ಕಾಟವಾಯಿತಲ್ಲ ಇದು ಅನ್ನಿಸಿತು.

ಅತ್ತೆಗೆ ಕಣ್ಣಿನ ಪೊರೆ ಬಂದಿರಬೇಕು, ತೋರಿಸಿ ಆಪರೇಷನ್ ಆಗುವವರೆಗೆ ತಡೆಯಿರಿ ಎಂದು ಕೇಂದ್ರದ ಮುಖ್ಯಸ್ಥೆಗೆ ಫೋನ್ ಮಾಡಿದೆ. ಕಲಿಯುವ ಹುಡುಗಿಯರು ಬಂದು ಕೂತಿದ್ದಾರೆ, ಕಾಯಲಾಗದು ಅಂದರು. ಹಾಗಾದರೆ ನಾನು ಬರುವುದಿಲ್ಲ ಅಂದೆ. ಫೋನ್ ಇಟ್ಟು, ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆಯುತ್ತ ಅತ್ತುಬಿಟ್ಟೆ.

ಮುಂದಿನ ವಾರ ಕಣ್ಣಿನ ಆಸ್ಪತ್ರೆಗೆಂದು ಅತ್ತೆಯನ್ನು ಜಮಖಂಡಿಗೇ ಕರೆದುಕೊಂಡು ಹೋದೆ. ಬಸ್ಸು ಇಳಿದ ಮೇಲೆ ಕೇಳಿದರು: "ನಿನ್ನ ಹೊಲಿಗಿ ಸಾಲಿ ಎಲ್ಲೈತಿ?"

"ಇಲ್ಲೇ ಹಿಂದಿನ ಓಣ್ಯಾಗ. ಈಗ್ಯಾಕ್ರಿ ಅದು?"

"ಮೊದಲ ಅಲ್ಲಿ ನಡಿ."

"ತಡಾ ಆದ್ರ ಡಾಕ್ಟರ್ ಹೊಳ್ಳಿ ಕಳಸ್ತಾರ್ರಿ!"

"ಕಳಸ್ಲಿ. ನಡಿ ಅಂದ್ರ ನಡಿ."

ಒಳಗೆ ಹುಡುಗಿಯರು ಹೊಲಿಗೆ ಯಂತ್ರಗಳ ಮುಂದೆ ಕೂತಿದ್ದರು. ಮುಖ್ಯಸ್ಥೆ ಇದ್ದದ್ದು ಎಡಗಡೆಯ ಮೇಜಿನ ಹಿಂದೆ. ಅತ್ತೆ ಬಲಗಡೆಯ ಖಾಲಿ ಗೋಡೆಗೆ ಕೈಮುಗಿದು ನಿಂತರು.

"ಬಾಯಾರ, ಈಕಿ ಬರೂದಿಲ್ಲ ಅಂದದ್ದು ನನ್ನ ಸಲುವಾಗಿರಿ. ಅಡ್ಡ ಬಂದಾಕಿ ನಾ. ಭಾಳ ಛಲೋ ಹೊಲೀತಾಳ್ರಿ. ನಾ ತೊಟ್ಟ ಜಂಪರ ಈಕೀನ ಹೊಲದದ್ದು."

ಇಷ್ಟು ವರ್ಷದಲ್ಲಿ ಆ ಬಾಯಿಂದ ನನ್ನ ಹೊಲಿಗೆಯ ಬಗ್ಗೆ ಒಂದು ಒಳ್ಳೆಯ ಮಾತು ಬಂದಿರಲಿಲ್ಲ. ಒಬ್ಬ ಹುಡುಗಿ ಕಿಸಕ್ಕನೆ ನಕ್ಕಳು. ನಾನು ಅವಳನ್ನು ದುರುಗುಟ್ಟಿ ನೋಡಿ, ಅತ್ತೆಯ ಭುಜ ಹಿಡಿದು ಮೇಜಿನ ಕಡೆ ತಿರುಗಿಸಿದೆ. ಮುಖ್ಯಸ್ಥೆ ಎದ್ದು ನಿಂತರು. ರಬಕವಿಯ ಒಬ್ಬಾಕೆ ಸೋಮವಾರವೇ ಸೇರಿಕೊಂಡಳೆಂದು ಮೆಲ್ಲಗೆ ಹೇಳಿದರು.

"ಹಂಗಾರ ಮುಂದ ಜಾಗಾ ಆದ್ರ ಈಕಿಗೆ ಫೋನ್ ಹಚ್ರಿ" ಅಂದರು ಅತ್ತೆ. "ಮನ್ಯಾಗ ಕೇಳಿ ಹೇಳ್ತೇನಿ ಅನ್ನೂದಿಲ್ಲ ಈಕಿ. ಮನಿ ಅಂದ್ರ ನಾನ. ನಾ ಹೂಂ ಅಂದೇನಿ."

ದೇವರೇ, ಇದೇ ಮಾತನ್ನು ಹೋದ ವಾರ ಆಡಿಸಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಮೆಟ್ಟಿಲು ಇಳಿಯುವಾಗ ನಾನು ಅಳುತ್ತಿದ್ದುದು ಅತ್ತೆಗೆ ಕಾಣಲಿಲ್ಲ. "ಮೆಟ್ಲ ಐತಿ ಅತ್ತಿ, ನನ್ನ ಕೈ ಹಿಡೀರಿ" ಅಂದೆ. ಹಿಡಿದರು.