ಎ-ಟೂ ಮೇಲೊಂದು ಅನುಮಾನ

ನನಗೆ ಗ್ರೇಡುಗಳ ಮೇಲೆ ನಂಬಿಕೆಯಿಲ್ಲ. ಗ್ರೇಡು ಕೊಡುವುದೇ ನನ್ನ ಹೊಟ್ಟೆಪಾಡಾದ್ದರಿಂದ ಈ ಮಾತನ್ನು ಮೆಲ್ಲಗೆ ಹೇಳುತ್ತಿದ್ದೇನೆ. ವಿಜಾಪುರದ ಕಡೆಯಿಂದ ನಾಸಿಕಕ್ಕೆ ವರ್ಗವಾಗಿ ಬಂದ ಕೇಂದ್ರ ಸರ್ಕಾರದ ನೌಕರ ನಾನು. ಯುರೋಪಿಗೆ ಹೊರಟ ದ್ರಾಕ್ಷಿಯ ದಪ್ಪ ಅಳೆದು, ಸಿಹಿ ಅಳೆದು ದರ್ಜೆ ಬರೆಯುವುದು ಕೆಲಸ. ಮೇಲೆ ಗೋಲಿಯಂಥ ಹಣ್ಣು ಜೋಡಿಸಿ ಅಡಿಯಲ್ಲಿ ಬಟಾಣಿಯಷ್ಟು ಸಣ್ಣವನ್ನು ತುಂಬಿದ ಪೆಟ್ಟಿಗೆಗಳನ್ನು ಎಷ್ಟು ನೋಡಿದ್ದೇನೋ! ಈಗ ಯಾರಾದರೂ ನನ್ನನ್ನು ನೋಡಿ ನಕ್ಕರೂ ಕೆಳಗಿನ ಪದರ ಹೇಗಿದೆಯೋ ಎಂದು ಯೋಚಿಸುತ್ತೇನೆ.

ಇಂಥವನ ಮುಂದೆ ಒಂಬತ್ತನೆಯ ತರಗತಿಯ ಮಗಳು ಅಶ್ವಿನಿ ಅಂಕಗಳೇ ಇಲ್ಲದ ಪ್ರಗತಿಪತ್ರ ತಂದು ಹಿಡಿದಳು. ಅವಳ ಶಾಲೆಗೆ ಗ್ರೇಡ್ ಪದ್ಧತಿ ಬಂದದ್ದು ಆ ವರ್ಷವೇ. ಹಿಂದಿನ ವರ್ಷ ಗಣಿತದಲ್ಲಿ ತೇಲಿ ಮುಳುಗಿ ದಡ ಸೇರಿದ್ದ ಹುಡುಗಿಗೆ ಈಗ ಎ-ಟೂ!

“ಅಪ್ಪಾ, ಸಹೀ ಮಾಡ್ರಿ ನಾ!” ಎಂದಳು. ಮುಖ ಊರಗಲವಾಗಿತ್ತು.

“ಮಾರ್ಕ್ಸ್ ಎಷ್ಟು?”

“ಮಾರ್ಕ್ಸ್ ಸಾಂಗತ್ ನಾಹೀತ್ ಅಪ್ಪಾ. ಹೇಳೂದೇ ಇಲ್ಲ.”

ನನ್ನ ಕಿವಿ ನೆಟ್ಟಗಾದದ್ದು ಅಲ್ಲೇ. ಎಂಬತ್ತೊಂದು ಬಂದರೂ ಎ-ಟೂ, ತೊಂಬತ್ತು ಬಂದರೂ ಎ-ಟೂ ಅಂತೆ. ಪೆಟ್ಟಿಗೆ ತೆರೆಯದೆ ಸಹಿ ಮಾಡಿ ನನಗೆ ರೂಢಿಯಿಲ್ಲ. ಕಾರ್ಡಿನದೊಂದು ಝೆರಾಕ್ಸ್ ಮಾಡಿಸಿ, ಸ್ಯಾಂಪಲ್ ತೆಗೆದಿಟ್ಟುಕೊಳ್ಳುವಂತೆ ನನ್ನ ಚೀಲದಲ್ಲಿ ಇಟ್ಟುಕೊಂಡೆ. ಮೂಲ ಕಾರ್ಡು ಸಹಿಯಿಲ್ಲದೆ ಟಿವಿಯ ಮೇಲೆ ಕೂತಿತು. ಅಶ್ವಿನಿಯ ಮುಖ ಸಣ್ಣದಾದದ್ದು ಕಂಡಿತು, ಆದರೆ ಅದನ್ನು ಅಳೆಯುವ ಮೀಟರು ನನ್ನ ಹತ್ತಿರ ಇರಲಿಲ್ಲ.

ನಮ್ಮ ದ್ರಾಕ್ಷಿ ತಿನ್ನುವ ದೇಶಗಳು ತಮ್ಮ ಮಕ್ಕಳನ್ನು ಹೇಗೆ ತೂಗುತ್ತವೆಂದು ಆಫೀಸಿನ ಕಂಪ್ಯೂಟರಿನಲ್ಲಿ ಹುಡುಕಿದೆ. ಅನುಮಾನ ಇನ್ನೂ ಕೊಬ್ಬಿತು. ಜರ್ಮನಿಯಲ್ಲಿ ಒಂದು ಬಂದವನು ಜಾಣನಂತೆ, ಐದು ಬಂದವನು ದಡ್ಡನಂತೆ. ನಾನು ಅಲ್ಲಿ ಹುಟ್ಟಿದ್ದರೆ ಐದು ತಂದು ಪೇಢೆ ಹಂಚುತ್ತಿದ್ದೆ. ಫ್ರಾನ್ಸಿನಲ್ಲಿ ಇಪ್ಪತ್ತಕ್ಕೆ ಲೆಕ್ಕ, ಆದರೆ ಇಪ್ಪತ್ತು ಕೊಡಲು ಮೇಷ್ಟ್ರುಗಳಿಗೆ ಕೈಯೇ ಬರುವುದಿಲ್ಲವಂತೆ. ಡೆನ್ಮಾರ್ಕಿನವರು ಸೊನ್ನೆಗಿಂತ ಕೆಳಗೂ ಅಂಕ ಇಟ್ಟಿದ್ದಾರೆ! ಒಂದೇ ಮಗು ಗಡಿ ದಾಟಿದಾಗಲೆಲ್ಲ ಜಾಣನೋ ದಡ್ಡನೋ ಆಗುವುದಾದರೆ ಇದರಲ್ಲಿ ಏನೋ ಮಸಲತ್ತು ಇದೆ ಎನ್ನಿಸಿತು. ಎಲ್ಲ ದೇಶದವರೂ ಸೇರಿ ತಂದೆಯರನ್ನು ಕತ್ತಲಲ್ಲಿಡಲು ಹೂಡಿದ ಉಪಾಯವಿರಬಹುದು.

ಮೂರು ದಿನ ಹೀಗೇ ಕಳೆಯಿತು. ಅಶ್ವಿನಿ ಸಹಿ ಕೇಳುವುದನ್ನು ಬಿಟ್ಟಳು. ಹೆಂಡತಿ ಸುಧಾ ರೊಟ್ಟಿ ಬಡಿಯುತ್ತ, “ನಿಮ್ಮ ತಪಾಸಣಿ ಮುಗಿಯೂತನಕಾ ಸಾಲಿಯವ್ರು ಕಾಯ್ಕೋತ ಕೂಡೂದಿಲ್ರಿ,” ಎಂದಳು. ಆ ಮಾತಿನ ಅಡಿಯ ಪದರವನ್ನು ನಾನು ನೋಡಲಿಲ್ಲ. ನಾಲ್ಕನೆಯ ದಿನ ಅರ್ಧ ದಿನ ರಜೆ ಹಾಕಿ ಝೆರಾಕ್ಸ್ ಸಮೇತ ಶಾಲೆಗೆ ಹೋದೆ.

ತರಗತಿಯ ಶಿಕ್ಷಕಿ ಪಾಟೀಲ್ ಮೇಡಂ ನನ್ನನ್ನು ಕಂಡದ್ದೇ, “ಬರಂ ಝಾಲಂ ಸಾಹೇಬ್, ಒಳ್ಳೇದಾಯ್ತು, ನೀವೇ ಬಂದ್ರಿ,” ಎಂಬ ಧಾಟಿಯಲ್ಲಿ ಮರಾಠಿಯಲ್ಲಿ ಮಾತಾಡುತ್ತ ಡ್ರಾಯರಿನಿಂದ ಅಶ್ವಿನಿಯ ಕಾರ್ಡನ್ನೇ ತೆಗೆದರು. ನಮ್ಮ ಟಿವಿಯ ಮೇಲಿರಬೇಕಾದ ಕಾರ್ಡು! ಎರಡು ದಿನದ ಹಿಂದೆಯೇ ಬಂದಿತ್ತಂತೆ. ಕೆಳಗೆ ಸುಧಾಳ ಸಹಿ. ಪಾಲಕರ ಅಭಿಪ್ರಾಯ ಎಂಬಲ್ಲಿ ಕನ್ನಡದಲ್ಲಿ ಎರಡು ಸಾಲು.

“ಹೇ ಕಾಯ್ ಲಿಹಿಲಂಯ್?” ಮೇಡಂ ಆ ಸಾಲುಗಳ ಮೇಲೆ ಬೆರಳಿಟ್ಟು ಏನು ಬರೆದಿದೆಯೆಂದು ಕೇಳಿದರು. ಅಶ್ವಿನಿಯನ್ನು ಕೇಳಿದ್ದರಂತೆ, ಆದರೆ ಅವಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ.

ನಾನು ಓದಿದೆ. ‘ಹುಡುಗಿ ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಗಣಿತ ಮಾಡ್ಯಾಳ. ನಾ ನೋಡೇನಿ. ನಮಗ ಭಾಳ ಖುಷಿ ಆಗೇದ.’

ಐದಕ್ಕೆ ಏಳುತ್ತಿದ್ದುದು ನನಗೆ ಗೊತ್ತೇ ಇರಲಿಲ್ಲ. ಆ ಹೊತ್ತಿಗೆ ನಾನು ಗೊರಕೆ ಹೊಡೆಯುತ್ತಿರುತ್ತೇನೆ. ನಾಚಿಕೆಯಾಯಿತು. ‘ನಮಗ’ ಎನ್ನುವುದರಲ್ಲಿ ಸುಧಾ ನನ್ನನ್ನೂ ಸೇರಿಸಿದ್ದಳಲ್ಲ, ಆ ಪದವನ್ನು ಇನ್ನೊಮ್ಮೆ ಓದಿಕೊಂಡೆ. ಹೇಗೋ ಮರಾಠಿಗೆ ತಿರುಗಿಸಿ ಹೇಳಿದೆ.

ಮೇಡಂ ಕಾರ್ಡು ಮುಚ್ಚಿ, ನಾನು ಬಂದ ಕೆಲಸವೇನೆಂದು ಕೇಳಿದರು. ಝೆರಾಕ್ಸನ್ನು ಮೆಲ್ಲಗೆ ಚೀಲದೊಳಕ್ಕೆ ತಳ್ಳಿ, “ಇದನ್ನೇ ಹೇಳೋಣ ಅಂತ ಬಂದಿದ್ದೆ,” ಎಂದೆ.

ಅವರು ಕನ್ನಡಕದ ಮೇಲಿನಿಂದ ನನ್ನನ್ನು ಅನುಮಾನದಿಂದ ನೋಡಿದರು.