ಪರ್ವವಲ್ಲದ ದಿನದ ಸಮುದ್ರ

ದೋಣಿಯ ಇಂಜಿನ್ನು ಡಬಡಬ ಎನ್ನತೊಡಗಿದಾಗ ದಂಡೆಯ ಮೇಲೆ ನಿಂತಿದ್ದ ಅಹಲ್ಯಾಬಾಯಿಯ ಎದೆ ಅದಕ್ಕಿಂತ ಜೋರಾಗಿ ಬಡಿದುಕೊಂಡಿತು.

ಆಕೆ ಮಾನ್ವಿಯ ಗುಡಿಯೊಂದರ ಅರ್ಚಕರ ಮಡದಿ. ಕಾರವಾರದ ಬಂದರಿನಲ್ಲಿ ನೌಕರಿಯಿದ್ದ ಅಳಿಯ ವಾದಿರಾಜ, ೧೯೮೧ರ ಬೇಸಿಗೆಯಲ್ಲಿ ಕಡಲು ನೋಡಲೆಂದು ಅತ್ತೆಯನ್ನು ಕರೆಸಿಕೊಂಡಿದ್ದ. ಬಂದು ವಾರವಾದರೂ ಆಕೆ ನೀರಿಗೆ ಬೆರಳು ತಾಗಿಸಿರಲಿಲ್ಲ. ಹುಣ್ಣಿಮೆ, ಅಮಾವಾಸ್ಯೆಯಂಥ ಪರ್ವಕಾಲದಲ್ಲಲ್ಲದೆ ಸಮುದ್ರವನ್ನು ಮುಟ್ಟಬಾರದೆಂಬುದು ಮನೆತನದ ಕಟ್ಟಳೆ. ಹೆದರಿಕೆಗೆ ಅದೊಂದು ಒಳ್ಳೆಯ ನೆಪವೂ ಆಗಿತ್ತು. ದೇವದುರ್ಗದ ತವರಿನಲ್ಲಿ ಹುಡುಗಿಯಾಗಿದ್ದಾಗ, ಕೃಷ್ಣೆಯಲ್ಲಿ ಹರಗೋಲು ಮಗುಚಿ ಅಕ್ಕ ಮುಳುಗಿದ್ದನ್ನು ಆಕೆ ದಂಡೆಯ ಮೇಲೆ ನಿಂತೇ ನೋಡಿದ್ದಳು.

ಈಗ ಮೊಣಕಾಲುದ್ದದ ನೀರಿನಲ್ಲಿ ತೂಗುತ್ತಿದ್ದ ದೋಣಿಯಲ್ಲಿ ಮಗಳು ಸುಧಾ ಕುಳಿತಿದ್ದಳು.

"ಅತ್ತೀ, ಬರ್ರಿ! ಆ ನಡುಗಡ್ಡಿ ನೋಡಿ ಹೊಳ್ಳಿ ಬರೋಣು," ಎಂದು ವಾದಿರಾಜ ದೋಣಿಯಿಂದ ಕೂಗಿದ.

"ಇವತ್ತ ಬರೇ ಪಂಚಮಿ ಅದರೀ. ಸುಧಾ, ನೀನರ ಇಳಿಯವಾ!"

"ಅವ್ವಾ, ಮೀನಿಗೂ ಪಂಚಾಂಗ ಓದಿ ಹೇಳ್ತೀಯೇನು?" ಮಗಳು ನಕ್ಕಳು.

ಅಷ್ಟರಲ್ಲಿ ದೊಡ್ಡ ಅಲೆಯೊಂದು ಎದ್ದು ದೋಣಿ ಒಂದು ಮಗ್ಗುಲಿಗೆ ವಾಲಿತು. ಮಗಳ ಕೆಂಪು ಸೀರೆ ಒಂದು ಗಳಿಗೆ ಕಾಣಲೇ ಇಲ್ಲ. ಮತ್ತೆ ಕಂಡಾಗ ಅಹಲ್ಯಾಬಾಯಿ ನೀರಿನ ಅಂಚಿಗೆ ಬಂದು ನಿಂತಿದ್ದಳು. ಇದನ್ನೂ ದಂಡೆಯ ಮೇಲೆ ನಿಂತೇ ನೋಡಬೇಕೇ?

"ಇರ್ಲಿ ಬಿಡ್ರಿ ಅತ್ತಿ, ನೀವು ಅಲ್ಲೇ ಕೂಡ್ರಿ. ತಾಸಿನ್ಯಾಗ ಬಂದ್‌ಬಿಡ್ತೀವಿ. ಬಿಸಲು ಭಾಳಾದ್ರ ಮನಿಗೆ..."

ಅಳಿಯನ ಮಾತು ಮುಗಿಯುವ ಮೊದಲೇ ಆಕೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕಾಲುಗಳನ್ನು ಉಪ್ಪುನೀರಿಗಿಳಿಸಿ ದೋಣಿಯತ್ತ ನಡೆದಳು.