ನೆಗೆಣ್ಣಿಗೆ ಹೇಳಿದಂತೆ ಬರೆದ ವಹಿ

ಮದುವೆಯಾಗಿ ಆಳಂದದಿಂದ ಅಫಜಲಪುರದ ಕಡೆಯ ಹಳ್ಳಿಗೆ ಹೊರಟಾಗ ನನಗೆ ಹದಿನಾರು ವರ್ಷ. ಅಪ್ಪ ಸರ್ಕಾರಿ ಶಾಲೆಯ ಮಾಸ್ತರು. ಶಾಲೆಯಲ್ಲಿ ಕಲಿಸುತ್ತಿದ್ದುದು ಆಗಿನ ಸರ್ಕಾರದ ಭಾಷೆಯಾದ ಉರ್ದುವಿನಲ್ಲಿ. ನನ್ನನ್ನು ಮಾತ್ರ ಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡು ಕನ್ನಡ ಅಕ್ಷರ ತಿದ್ದಿಸಿದ್ದರು. ಗಾಡಿ ಹೂಡುವ ಮುಂಚೆ ಅವರು ಒಂದು ದಪ್ಪ ವಹಿ, ಬರೆಯುವ ಟಾಕು, ಮಸಿಯ ದೌತಿ ಮೂರನ್ನೂ ಹಳೆಯ ದೋತರದ ತುಂಡಿನಲ್ಲಿ ಸುತ್ತಿ ನನ್ನ ಕೈಗಿಟ್ಟರು.

"ದಿನಾ ನಾಕು ಸಾಲು ಬರಿ, ಮಗಳ. ಮೊದಲು ತಾರೀಖು. ಆಮ್ಯಾಲ ಹವಾ ಹ್ಯಾಂಗಿತ್ತು, ಯಾರು ಬಂದಿದ್ರು, ಏನು ಕೆಲಸ ಆತು. ಇಷ್ಟ ಸಾಕು. ಆದ್ರ ಒಂದ ದಿನಾನೂ ತಪ್ಪಬಾರದು."

ಅಪ್ಪ ಸ್ವತಃ ಹಾಗೆಯೇ ಬರೆಯುತ್ತಿದ್ದರು. ಸ್ನಾನ, ಲಿಂಗಪೂಜೆ ಮುಗಿಸಿ, ಹಿಂದಿನ ದಿನದ ನಾಲ್ಕು ಸಾಲು ಬರೆದ ಮೇಲೆಯೇ ಊಟಕ್ಕೆ ಕೂರುವುದು. ಅವರ ಅಕ್ಷರ ಮುತ್ತು ಪೋಣಿಸಿದ ಹಾಗೆ. ನಾನೂ ಹಾಗೇ ಬರೆಯುತ್ತೇನೆ ಅಂದುಕೊಂಡಿದ್ದೆ.

ನನ್ನ ತೊಂದರೆ ತಾರೀಖಿನಲ್ಲೇ ಶುರುವಾಯಿತು. ಅಪ್ಪನ ಶಾಲೆಯ ಗೋಡೆಯ ಮೇಲೆ ಸರ್ಕಾರದ ಕ್ಯಾಲೆಂಡರಿತ್ತು. ಗಂಡನ ಮನೆಯಲ್ಲಿ ದಿನ ತಿಳಿಯುತ್ತಿದ್ದುದು ಅಮಾವಾಸ್ಯೆ, ಹುಣ್ಣಿಮೆ, ಸಂತೆಗಳಿಂದ. ತಾರೀಖಿನ ಜಾಗದಲ್ಲಿ ವಾರ ಬರೆದೆ. ಮುಂದಿನದು ಇನ್ನೂ ಕಷ್ಟ. "ಬಿಸಿಲು. ಯಾರೂ ಬಂದಿಲ್ಲ. ರೊಟ್ಟಿ ಬಡಿದೆ." ಮಾರನೇ ದಿನವೂ ಬಿಸಿಲು, ಯಾರೂ ಬಂದಿಲ್ಲ, ರೊಟ್ಟಿಯಂತೂ ಬಡಿಯಲೇಬೇಕು. ಇಪ್ಪತ್ತು ದಿನ ಹೀಗೆ ಬರೆದು ಒಮ್ಮೆ ಹಿಂದಕ್ಕೆ ಓದಿದರೆ, ಇಪ್ಪತ್ತೂ ದಿನ ಒಂದೇ ದಿನದಂತೆ ಕಂಡವು.

ಗಂಡ ಕಲಬುರ್ಗಿಯಲ್ಲಿ ನಾಲ್ಕು ವರ್ಷ ಓದಿ ಬಂದವರು. ವಹಿ ನೋಡಿ ನಕ್ಕರು.

"ಇದೇನು ಹಾಜರಿ ಪುಸ್ತಕ ಏನ? ವಾರಕ್ಕೊಮ್ಮಿ ಬರಿ, ಆದ್ರ ವಿಚಾರ ಮಾಡಿ ಬರಿ. ಏನು ತಪ್ಪು ಮಾಡ್ದಿ, ಮುಂದ ಹ್ಯಾಂಗ ಇರಬೇಕು, ಅಂಥಾದ್ದು."

ಒಳ್ಳೆಯ ಮಾತೇ ಅನಿಸಿತು. ಪ್ರತಿ ಸೋಮವಾರ ಕೂತು ವಿಚಾರ ಮಾಡಿದೆ. "ಮನುಷ್ಯನು ಸಿಟ್ಟನ್ನು ಗೆಲ್ಲತಕ್ಕದ್ದು" ಎಂದು ಬರೆದೆ. "ಸಕಲರಲ್ಲಿಯೂ ಸಮಭಾವ ಇರತಕ್ಕದ್ದು" ಎಂದೂ ಬರೆದೆ. ಅದನ್ನು ಬರೆದ ದಿನ ಬೆಳಿಗ್ಗೆಯೇ ಹಾಲು ಕುಡಿದ ಬೆಕ್ಕನ್ನು ಹಿತ್ತಲ ತನಕ ಅಟ್ಟಿಸಿಕೊಂಡು ಹೋಗಿ ಕಸಬರಿಗೆ ಎಸೆದು ಬಂದಿದ್ದೆ. ನಾಲ್ಕು ಸೋಮವಾರದ ನಂತರ ಓದಿದರೆ ಯಾರೋ ಗಡ್ಡದ ಸ್ವಾಮಿಗಳು ಬರೆದ ಹಾಗಿತ್ತು. ನಾನು ಅದರಲ್ಲಿ ಎಲ್ಲೂ ಇರಲಿಲ್ಲ. ನಾಚಿಕೆಯಾಗಿ ವಹಿಯನ್ನು ಗೋಡೆಯ ಗೂಡಿನಲ್ಲಿ ಕುಪ್ಪಸಗಳ ಹಿಂದೆ ತುರುಕಿಬಿಟ್ಟೆ.

ಅದನ್ನು ಹೊರಗೆ ತೆಗೆದವರು ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಭೀಮಾ ನದಿಯ ಆಚೆ, ಜೇವರ್ಗಿ ಕಡೆಯವರು. ನನಗಿಂತ ಹತ್ತು ವರ್ಷ ದೊಡ್ಡವರಾದ ಅವರನ್ನು ಅಕ್ಕ ಎನ್ನುತ್ತಿದ್ದೆ. ಅಕ್ಕನಿಗೆ ಓದು ಬರಹ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ತೊಗರಿ ಹಸನು ಮಾಡುತ್ತ ಕೂತಿದ್ದಾಗ ವಹಿಯನ್ನು ತಂದು ನನ್ನ ಮುಂದಿಟ್ಟು ಕೇಳಿದರು.

"ಇದ್ರಾಗ ಏನ್ ಬರ್ದಿ ಬೇ? ಓದು, ಕೇಳೋಣು."

ಕೈಗೆ ಬಂದ ಪುಟ ತೆರೆದು ಓದಿದೆ. "ಗುರುವಾರ. ಬಿಸಿಲು. ಬಳೆಗಾರ ಬಂದಿದ್ದ. ಜೋಳ ಹಸನು ಮಾಡಿದೆವು."

"ಮುಂದ?"

"ಅಷ್ಟ ಅಕ್ಕ."

"ಅಷ್ಟ?" ಅಕ್ಕ ಮೊರ ಕೆಳಗಿಟ್ಟರು. "ಅವತ್ತ ಅತ್ತಿ ಕೈಗೆ ಹಸರ ಬಳಿ ಏರಲಿಲ್ಲಂತ ಮಾರಿ ಸಣ್ಣದ ಮಾಡ್ಕೊಂಡು ಒಳಗ ಹೋದ್ರಲ್ಲ? ನೀ ನಗಾಕತ್ತಿದ್ದಿ, ನಾ ನಿನ್ನ ತೊಡಿ ಚಿವುಟಿದೆ. ಬಳಿಗಾರ ಪಾಪ, ಅವ್ವನ ಕೈ ದೊಡ್ಡದಲ್ರಿ, ನನ್ನ ಬಳೀನ ಸಣ್ಣವ ಅದಾವ ಅಂದ. ಅದೆಲ್ಲಾ ಎಲ್ಲಿ ಹೋತು?"

ದೌತಿ ತಂದು ಅವರ ಮುಂದೆ ಕೂತು, "ಇನ್ನೊಮ್ಮಿ ಹೇಳಕ್ಕ" ಅಂದೆ. ಆ ಒಂದು ಗುರುವಾರ ಮೂರು ಪುಟವಾಯಿತು.

ಅಂದಿನಿಂದ ಮಧ್ಯಾಹ್ನದ ಊಟದ ನಂತರ ಅದೇ ನಮ್ಮ ಕೆಲಸ. ಅಕ್ಕನ ಕೈ ಮೊರದಲ್ಲಿ, ನನ್ನ ಕೈ ವಹಿಯಲ್ಲಿ. ಬಾವಿಕಟ್ಟೆಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟರು, ಎಮ್ಮೆ ಕರು ಹಾಕುವಾಗ ಮಾವನವರು ಎಷ್ಟು ಸಲ ಒಳಗೆ ಹೊರಗೆ ತಿರುಗಿದರು, ಎಲ್ಲವೂ ಬಂತು. ಎಷ್ಟೋ ಸಲ ನಮ್ಮಿಬ್ಬರಿಗೂ ಜಗಳ. ಹಾಗಲ್ಲ ಹೀಗೆ ಆಗಿದ್ದು ಎಂದು ಅವರು, ಅಲ್ಲ ಎಂದು ನಾನು. ಕೊನೆಗೆ ಎರಡನ್ನೂ ಬರೆಯುತ್ತಿದ್ದೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಅಕ್ಕನ ತಾಯಿ ಬಿದ್ದು ಕಾಲು ಮುರಿದುಕೊಂಡರೆಂದು ಸುದ್ದಿ ಬಂತು. ಹದಿನೈದು ದಿನಕ್ಕೆಂದು ಹೋದ ಅಕ್ಕನಿಗೆ ವಾಪಸು ಬರಲು ನದಿ ದಾರಿ ಕೊಡಲಿಲ್ಲ. ಭೀಮೆ ದಂಡೆ ಮೀರಿ ಹರಿಯುತ್ತಿದ್ದಳು. ನಾನು ಒಬ್ಬಳೇ ವಹಿ ಹಿಡಿದು ಕೂತೆ. ಎರಡು ದಿನ ಒಂದಕ್ಷರವೂ ಹುಟ್ಟಲಿಲ್ಲ. ಮೂರನೇ ದಿನ ಬೇಸರಕ್ಕೆ, "ಅಕ್ಕ, ಇಲ್ಲಿ ಕೇಳು" ಎಂದು ಬರೆದೆ. ಅಷ್ಟೇ, ಟಾಕು ನಿಲ್ಲಲೇ ಇಲ್ಲ. ನನಗೆ ಬೇಕಿದ್ದುದು ತಾರೀಖೂ ಅಲ್ಲ, ವಿಚಾರವೂ ಅಲ್ಲ, ಕೇಳುವ ಒಂದು ಮುಖ ಎಂದು ಅವತ್ತು ತಿಳಿಯಿತು.

ಶ್ರಾವಣದಲ್ಲಿ ಅಪ್ಪ ನನ್ನನ್ನು ನೋಡಲು ಬಂದರು. ವಹಿ ಕೇಳಿದರು. ಪುಟ ತಿರುವಿ, "ತಾರೀಖ ಎಲ್ಲಿ ಅದಾವ?" ಅಂದರು.

"ಅಕ್ಕಗ ತಾರೀಖು ಬೇಕಾಗಿಲ್ಲಪ್ಪ."

ನಿಂತಲ್ಲೇ ಒಂದು ಪುಟ ಓದಿದರು. ಆಮೇಲೆ ಕಂಬಕ್ಕೆ ಒರಗಿ ಕೂತು ಇನ್ನಷ್ಟು ಓದಿದರು. "ಹೀಂಗ ನನಗ ಬರ್ಯಾಕ ಬರೂದಿಲ್ಲ, ಮಗಳ" ಎಂದು ವಹಿ ಮುಚ್ಚಿ, ತಮ್ಮ ಚೀಲದಲ್ಲಿದ್ದ ಮಸಿಪುಡಿಯ ಪುಡಿಕೆಯನ್ನು ನನಗೆ ಕೊಟ್ಟು ಹೋದರು.

ಅತ್ತೆಗೆ ಮಾತ್ರ ಅನುಮಾನ ಹುಟ್ಟಿತ್ತು. "ನಮ್ಮ ಮನಿ ಮಾತು ಹಾಳಿ ಮ್ಯಾಲ ಬರ್ದು ತವರಮನಿಗೆ ಕಳಸಾಕತ್ತಿ ಏನ?" ಎಂದು ಕೇಳಿಯೇಬಿಟ್ಟರು. ಇಲ್ಲವೆಂದರೂ ನಂಬಲಿಲ್ಲ.

ನದಿ ಇಳಿದು ಅಕ್ಕ ಬಂದ ಮರುದಿನವೇ ಪಡಸಾಲೆಯಲ್ಲಿ ಓದು ಶುರುವಾಯಿತು. ಅತ್ತೆ ಹತ್ತಿ ಬತ್ತಿ ಹೊಸೆಯುವ ನೆಪ ಮಾಡಿಕೊಂಡು ಬಂದು ಕೂತರು. ಎರಡನೇ ಮಧ್ಯಾಹ್ನ ಒಂದು ಪುಟಕ್ಕೆ ಬಂದು ನನ್ನ ದನಿ ನಿಂತಿತು.

"ಯಾಕ ನಿಂತಿ? ಓದು," ಅಂದರು ಅತ್ತೆ.

ಬಿಟ್ಟು ಓದಬಹುದಿತ್ತು. ಇಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ. ಆದರೆ ಅಕ್ಕ ನನ್ನ ಮುಖ ಓದಬಲ್ಲವರು. ಕಣ್ಣು ಮೇಲೆತ್ತದೆ ಓದಿದೆ.

"ಅಕ್ಕ, ಇವತ್ತ ಬೀಗರ ಮುಂದ ಬ್ಯಾಳಿಗೆ ಉಪ್ಪು ಹೆಚ್ಚಾತು. ಎರಡನೇ ಸಲ ಹಾಕಿದಾಕಿ ಅತ್ತಿ. ಬೈಸಿಕೊಂಡಾಕಿ ನಾನು. ನೀ ಇದ್ದಿದ್ರ ನನಗ ಅಳು ಬರ್ತಿರಲಿಲ್ಲ."

ಬತ್ತಿ ಹೊಸೆಯುವ ಕೈ ನಿಂತಿತು.

"ನಾ ಹಾಕಿದ್ದು ನೀ ನೋಡಿದ್ದೇನು?"

"ಹೌದ್ರಿ."

"ಮತ್ತ ಅವತ್ತ ಯಾಕ ಬಾಯಿ ಬಿಡಲಿಲ್ಲ?"

"ಬೀಗರಿದ್ರಲ್ರಿ."

ಅಕ್ಕ ಮೊರದ ಕಾಳನ್ನು ಸುಮ್ಮನೆ ಆಚೆ ಈಚೆ ಮಾಡುತ್ತಿದ್ದರು.

"ಅವರು ಹೋದ ಮ್ಯಾಲ ನಾನ ಹಾಕಿದ್ದು ನನಗ ನೆಪ್ಪಾತು," ಅಂದರು ಅತ್ತೆ. "ನಿನಗ ಹೇಳಬೇಕಂದ್ರ ಬಾಯಿ ಬರಲಿಲ್ಲ. ಅದನ್ನೂ ಬರಿ."

ಅವರ ಎದುರಿಗೇ ಬರೆದೆ.

ಮಾರನೇ ದಿನ ನಾವು ಕೂರುವ ಮೊದಲೇ ಅತ್ತೆ ಬಂದು ಕೂತಿದ್ದರು. ಅಕ್ಕನಿಗೆ ಸ್ವಲ್ಪ ಸರಿದು ಕೂರಲು ಹೇಳಿ ನನ್ನ ಕಡೆ ತಿರುಗಿದರು.

"ನಾ ಹಿರೋಳ್ಳಿಯಿಂದ ಈ ಮನಿಗೆ ಬಂದಾಗ ಒಂಬತ್ತು ವರ್ಷದಾಕಿ. ಗಾಡ್ಯಾಗ ನಿದ್ದಿ ಹತ್ತಿತ್ತು. ಎಚ್ಚರಾದಾಗ ಇದ ಪಡಸಾಲ್ಯಾಗ ಇದ್ದೆ. ಬಿಡಾಕ ಬಂದಿದ್ದ ಸೋದರಮಾವ ಹೋಗಿಬಿಟ್ಟಿದ್ದ."

"ಅಳು ಬಂತೇನ್ರಿ?" ಅಕ್ಕ ಮೆಲ್ಲಗೆ ಕೇಳಿದರು.

"ಇಲ್ಲ. ಹಸಿವಾಗಿತ್ತು, ರೊಟ್ಟಿ ಕೇಳ್ದೆ. ನಮ್ಮತ್ತಿ ನಕ್ಕು, ಬೆಲ್ಲ ಇಟ್ಟು ಕೊಟ್ಟಳು." ಸ್ವಲ್ಪ ತಡೆದು ನನ್ನ ವಹಿಯತ್ತ ಬಗ್ಗಿದರು. "ಎಷ್ಟಾತು?"

"ಪುಟ ತುಂಬಾಕ ಬಂತ್ರಿ."

"ಹಂಗಾದ್ರ ಇನ್ನೊಂದು ಪುಟ ತಗಿ," ಎಂದು ಅತ್ತೆ ಸೆರಗು ಸರಿಮಾಡಿಕೊಂಡು, ಗೋಡೆಗೆ ಬೆನ್ನು ಕೊಟ್ಟು ಕೂತರು.